ಕಾಲಿನ ಜೋಮು, ಎಲುಬಿನ ರೋಗ

ಕಾಲು ಜೋಮು ಹಿಡಿಯದ ಮನುಷ್ಯರಿಲ್ಲ. ಮದುವೆಯ ಪಂಕ್ತಿಯಲ್ಲಿ ಬಹಳ ಹೊತ್ತು ಚಕ್ಕಂಬಕ್ಕಲ ಹಾಕಿಕೊಂಡು ಕುಳಿತು ಎದ್ದಾಗಲೋ, ಹರಿಕಥೆಯನ್ನು ಕೇಳುತ್ತ ಜಮಖಾನದ ಮೇಲೆ ಮೂರು ಗಂಟೆಗಳ ಕಾಲ ಮೈಮರೆತಾಗಲೋ ಪಾದವು ನಮ್ಮದೇ ಅಲ್ಲವೆಂಬಂತಾಗಿ, ಆಮೇಲೆ ಇರುವೆ ಹರಿದಂತಾಗಿ, ಎರಡು ನಿಮಿಷಗಳಲ್ಲಿ ತಾನೇ ಸರಿಹೋಗುತ್ತದೆ. ಸೊಂಟದಿಂದ ಮೀನಖಂಡದ ವರೆಗೆ ಎಳೆಯುವ ನೋವು ಬಂದರೆ ಮನೆಯ ಹಿರಿಯರು ವಾಯು ಎನ್ನುತ್ತಾರೆ, ನರ ಹಿಡಿದುಕೊಂಡಿದೆ ಎನ್ನುತ್ತಾರೆ, ಎಣ್ಣೆ ಕಾಯಿಸುತ್ತಾರೆ. ಬಹುಮಟ್ಟಿಗೆ ಇವೆಲ್ಲವೂ ನಿರಪಾಯವಾದ ಸಂಗತಿಗಳೇ. ಕೆಲವು ವಾರಗಳಲ್ಲಿ ವಾಸಿಯಾಗಿ ಮರೆತುಹೋಗತಕ್ಕವೇ. ಆದರೆ ಅತ್ಯಂತ ವಿರಳವಾಗಿ ಇದೇ ಜೋಮು, ಇದೇ ಸೆಳೆತ, ಎಲುಬಿನಲ್ಲಿ ಹುಟ್ಟಿದ ಕ್ಯಾನ್ಸರು ನಮಗೆ ಕಳುಹಿಸುವ ಮೊದಲನೆಯ ಸುದ್ದಿಯಾಗಿರುವುದುಂಟು. ಆ ಸುದ್ದಿಯನ್ನು ಓದುವುದು ಏಕೆ ಕಷ್ಟ, ಓದುವ ಕ್ರಮ ಯಾವುದು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಕೇಳುವವರನ್ನು ಹೆದರಿಸುವುದು ನಮ್ಮ ಉದ್ದೇಶವಲ್ಲ. ಎಲುಬಿನಲ್ಲಿಯೇ ಮೊದಲು ಹುಟ್ಟುವ ಕ್ಯಾನ್ಸರುಗಳು ಎಲ್ಲ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಮೆ. ನಮ್ಮ ಬೀದಿಯ ಕುಟುಂಬವೈದ್ಯರು ತಮ್ಮ ವೃತ್ತಿಯ ಅವಧಿಯಲ್ಲೆಲ್ಲಾ ಅಂಥವನ್ನು ಒಂದೋ ಎರಡೋ ನೋಡಿಯಾರು, ನೋಡದೆಯೂ ಇದ್ದಾರು. ಈ ವಿರಳತೆಯೇ ಇಲ್ಲಿನ ಮುಖ್ಯ ತೊಡಕು. ಸಾವಿರ ಸಲ ಸೊಂಟದ ಉಳುಕನ್ನೇ ಕಂಡ ಕಣ್ಣು ಸಾವಿರದ ಒಂದನೆಯ ಸಲವೂ ಉಳುಕನ್ನೇ ಕಾಣುವುದು ಸಹಜ. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಪಾಠ ಹೇಳುವವರು. ಆದುದರಿಂದ ಔಷಧಗಳ ಗೊಡವೆಗೆ ನಾವು ಹೋಗುವುದಿಲ್ಲ. ರೋಗವನ್ನು ಗುರುತಿಸುವ ತರ್ಕ ಎಂಥದು, ಅದು ಎಲ್ಲಿ ದಾರಿ ತಪ್ಪುತ್ತದೆ ಎಂಬುದಷ್ಟೇ ನಮ್ಮ ವಿಷಯ.

ಮೊದಲು ನರದ ಸ್ವಭಾವವನ್ನು ತಿಳಿಯಬೇಕು. ಕೃಷ್ಣರಾಜಸಾಗರದಿಂದ ಹೊರಟ ನಾಲೆಯ ಕೊನೆಯಲ್ಲಿರುವ ಗದ್ದೆಗೆ ನೀರು ಬಾರದೆ ಹೋದರೆ ಪೈರು ಒಣಗುವುದು ಆ ಗದ್ದೆಯಲ್ಲಿ. ಕಟ್ಟೆ ಕುಸಿದಿರುವುದೋ, ತೂಬು ಮುಚ್ಚಿಹೋಗಿರುವುದೋ ಹತ್ತು ಮೈಲಿ ಮೇಲೆ. ಗದ್ದೆಯನ್ನು ಎಷ್ಟು ಅಗೆದರೂ ಕಾರಣ ಸಿಕ್ಕದು. ನರವೂ ಹಾಗೆಯೇ. ಅದರ ಹಾದಿಯಲ್ಲಿ ಎಲ್ಲಿಯಾದರೂ ಅದುಮಿದರೆ, ಮಿದುಳು ಆ ತೊಂದರೆಯನ್ನು ಅದುಮಿದ ಜಾಗಕ್ಕೆ ಸೇರಿಸುವುದಿಲ್ಲ. ನರವು ಕೊನೆಗೆ ಯಾವ ಚರ್ಮಕ್ಕೆ, ಯಾವ ಸ್ನಾಯುವಿಗೆ ಹೋಗುತ್ತದೆಯೋ ಆ ಜಾಗಕ್ಕೆ ಸೇರಿಸುತ್ತದೆ. ಮೊಣಕೈಯ ಒಳಮಗ್ಗುಲು ಬಾಗಿಲಿಗೆ ತಗುಲಿದಾಗ ಕಿರುಬೆರಳು ಝುಮ್ಮೆನ್ನುವುದನ್ನು ಎಲ್ಲರೂ ಬಲ್ಲರು. ಬೆರಳಿಗೆ ಏನೂ ಆಗಿರುವುದಿಲ್ಲ. ನೋವಿರುವ ಸ್ಥಳ ಬೇರೆ, ರೋಗವಿರುವ ಸ್ಥಳ ಬೇರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ.

ಕಾಲಿನ ಮಟ್ಟಿಗೆ ದೊಡ್ಡ ನಾಲೆಯೆಂದರೆ ಸಯಾಟಿಕ್ ನರ. ಶರೀರದ ನರಗಳಲ್ಲೆಲ್ಲಾ ಇದೇ ದಪ್ಪನಾದುದು. ಬೆನ್ನುಮೂಳೆಯ ಕೆಳಗಿನ ಮಣಿಗಳ ನಡುವಿನಿಂದಲೂ ಅದರ ಕೆಳಗೆ ಬೆಣೆಯಂತೆ ಕುಳಿತಿರುವ ತ್ರಿಕಾಸ್ಥಿಯ ರಂಧ್ರಗಳಿಂದಲೂ ಹೊರಟ ಐದು ಎಳೆಗಳು ಶ್ರೋಣಿಯೊಳಗೆ, ಎಂದರೆ ಸೊಂಟದ ಕೆಳಗಿನ ಬೋಗುಣಿಯಂಥ ಎಲುಬಿನ ಗೂಡಿನೊಳಗೆ, ಒಂದಾಗಿ ಸೇರುತ್ತವೆ. ಅಲ್ಲಿಂದ ನರವು ಪಿರ್ರೆಯ ಹಿಂಭಾಗಕ್ಕೆ ಬಂದು, ತೊಡೆಯ ಹಿಂಬದಿಯಲ್ಲಿ ಇಳಿದು, ಮೊಣಕಾಲಿನ ಬಳಿ ಎರಡಾಗಿ ಒಡೆದು, ಅಂಗಾಲಿನ ವರೆಗೆ ಹೋಗುತ್ತದೆ. ಮೊಣಕಾಲಿನ ಕೆಳಗೆ ಒಳಮಗ್ಗುಲ ಚರ್ಮವೊಂದನ್ನು ಬಿಟ್ಟರೆ ಮಿಕ್ಕೆಲ್ಲ ಸ್ಪರ್ಶಜ್ಞಾನವೂ ಚಲನೆಯೂ ಇದರ ಅಧೀನ. ಈ ಉದ್ದವಾದ ಹಾದಿಯಲ್ಲಿ ಅದು ಎಲುಬುಗಳಿಗೆ ಒತ್ತಿಕೊಂಡು ಹೋಗುವ ಸ್ಥಳಗಳು ಹಲವು. ತ್ರಿಕಾಸ್ಥಿಯ ಮುಂಭಾಗ ಒಂದು. ಶ್ರೋಣಿಯಿಂದ ಹೊರಬೀಳುವ ಕಿಂಡಿ ಮತ್ತೊಂದು. ಮೊಣಕಾಲಿನ ಕೆಳಗೆ ಹೊರಮಗ್ಗುಲಲ್ಲಿ ಕೈಗೆ ಗುಂಡಾಗಿ ಸಿಕ್ಕುವ ಸಣ್ಣ ಎಲುಬಿನ ಕತ್ತು ಇನ್ನೊಂದು.

ಸೊಂಟದಿಂದ ಪಾದಕ್ಕಿಳಿಯುವ ನೋವು ನಮ್ಮ ಹಿಂದಿನವರಿಗೆ ಹೊಸದಲ್ಲ. ಚರಕಸಂಹಿತೆಯಲ್ಲಿ ಇದಕ್ಕೆ ಗೃಧ್ರಸೀ ಎಂಬ ಹೆಸರಿದೆ. ನೋವು ಪಿರ್ರೆಯಿಂದ ಮೊದಲಾಗಿ ತೊಡೆ, ಮೊಣಕಾಲು, ಕಣಕಾಲುಗಳ ಮೂಲಕ ಕ್ರಮವಾಗಿ ಪಾದಕ್ಕೆ ಇಳಿಯುವುದೆಂದು ಹೇಳಿರುವುದನ್ನು ನೋಡಿದರೆ ಆ ಅವಲೋಕನದ ಖಚಿತತೆಗೆ ಆಶ್ಚರ್ಯವಾಗುತ್ತದೆ. ಯೂರೋಪಿನಲ್ಲಿ ೧೭೬೪ರಲ್ಲಿ ನೇಪಲ್ಸಿನ ದೊಮೆನಿಕೊ ಕೊಟುನ್ಯೊ ಎಂಬ ವೈದ್ಯನು ಕೀಲಿನಿಂದ ಬರುವ ಸೊಂಟನೋವೇ ಬೇರೆ, ನರದಿಂದ ಬರುವುದೇ ಬೇರೆ ಎಂದು ವಿಂಗಡಿಸಿ ಗ್ರಂಥವನ್ನು ಬರೆದನು. ನಮ್ಮ ದೇವರಾಜ ಮೊಹಲ್ಲಾದ ಸಯ್ಯಾಜಿರಾವ್ ರಸ್ತೆಯ ಆಸುಪಾಸಿನಲ್ಲಿಯೇ ಈ ಎರಡು ಪರಂಪರೆಗಳೂ ನೆರೆಹೊರೆಯಾಗಿ ನಿಂತಿವೆ: ೧೯೦೮ರಲ್ಲಿ ಪ್ರಾರಂಭವಾದ ಆಯುರ್ವೇದ ಕಾಲೇಜು ಒಂದು; ೧೯೨೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ೧೯೩೦ರಲ್ಲಿ ಮೈಸೂರಿಗೆ ಬಂದ ಮೆಡಿಕಲ್ ಕಾಲೇಜು, ಅದರ ಕೃಷ್ಣರಾಜೇಂದ್ರ ಆಸ್ಪತ್ರೆಯೊಡನೆ, ಮತ್ತೊಂದು. ಎರಡರಲ್ಲಿಯೂ ಮೊದಲ ವರ್ಷಗಳ ವಿದ್ಯಾರ್ಥಿಗೆ ಕಲಿಸುವ ಒಂದು ಪಾಠವಿದೆ. ಗೃಧ್ರಸಿಯಾಗಲಿ ಸಯಾಟಿಕಾ ಆಗಲಿ ಒಂದು ಲಕ್ಷಣದ ಹೆಸರು, ಕಾರಣದ ಹೆಸರಲ್ಲ. ಜ್ವರವೆಂದ ಮಾತ್ರಕ್ಕೆ ಯಾವ ಜ್ವರವೆಂದು ತಿಳಿದಂತಾಗುವುದಿಲ್ಲವಷ್ಟೆ. ಆದರೆ ಜ್ವರದ ವಿಚಾರದಲ್ಲಿ ನೆನಪಿರುವ ಈ ವಿವೇಕ ಸೊಂಟದ ವಿಚಾರದಲ್ಲಿ ನಮಗೆ ನೆನಪಿರುವುದಿಲ್ಲ.

ಮರೆವಿಗೆ ಒಂದು ಚಾರಿತ್ರಿಕ ಕಾರಣವೂ ಉಂಟು. ೧೯೩೪ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಮಿಕ್ಸ್ಟರ್ ಮತ್ತು ಬಾರ್ ಎಂಬಿಬ್ಬರು ಶಸ್ತ್ರವೈದ್ಯರು, ಬೆನ್ನುಮಣಿಗಳ ನಡುವೆ ಇರುವ ಮೆತ್ತೆಯಂಥ ಡಿಸ್ಕು ಹರಿದು ಹೊರಚಾಚಿ ನರದ ಬುಡವನ್ನು ಅದುಮುವುದರಿಂದ ಸಯಾಟಿಕಾ ಉಂಟಾಗುವುದೆಂದು ತೋರಿಸಿಕೊಟ್ಟರು. ಇದು ದೊಡ್ಡ ಶೋಧನೆ. ಎಷ್ಟೋ ಜನರಿಗೆ ಇದರಿಂದ ನೆಮ್ಮದಿ ದೊರೆತಿದೆ. ಆದರೆ ದೊಡ್ಡ ಶೋಧನೆಯ ನೆರಳೂ ದೊಡ್ಡದಾಗಿಯೇ ಇರುತ್ತದೆ. ಅಂದಿನಿಂದ ಕಾಲುಸೆಳೆತವೆಂದರೆ ಡಿಸ್ಕು, ಡಿಸ್ಕೆಂದರೆ ಕಾಲುಸೆಳೆತ ಎಂಬಂತಾಯಿತು. ಈಗಂತೂ ಆಟೋರಿಕ್ಷಾ ಚಾಲಕರಿಂದ ಹಿಡಿದು ಪ್ರೊಫೆಸರುಗಳ ವರೆಗೆ ‘ಡಿಸ್ಕ್ ಜಾರಿದೆ’ ಎಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ.

ಇದರ ಅಪಾಯವನ್ನು ೧೯೯೪ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ಬಹು ಚೆನ್ನಾಗಿ ಎತ್ತಿತೋರಿಸಿತು. ಬೆನ್ನುನೋವೇ ಇಲ್ಲದ ೯೮ ಮಂದಿಯನ್ನು ಅಮೆರಿಕದಲ್ಲಿ ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ ಸೊಂಟದ ಚಿತ್ರಗಳನ್ನು ತೆಗೆದು ನೋಡಿದಾಗ, ಅವರಲ್ಲಿ ನೂರಕ್ಕೆ ೫೨ ಮಂದಿಗೆ ಒಂದಲ್ಲ ಒಂದು ಕಡೆ ಡಿಸ್ಕು ಉಬ್ಬಿಕೊಂಡಿತ್ತು! ಎಂದರೆ, ಯಾವ ನೋವೂ ಇಲ್ಲದ ಅರ್ಧಕ್ಕರ್ಧ ಜನರಲ್ಲಿ ಕಾಣುವ ಉಬ್ಬು, ನೋವಿರುವವನಲ್ಲಿ ಕಂಡಾಗ ಅದೇ ಕಾರಣವೆಂದು ಹೇಗೆ ಹೇಳುವುದು? ಹುಡುಕುತ್ತಿದ್ದವನಿಗೆ ಏನೋ ಒಂದು ಸಿಕ್ಕಿತು, ಹುಡುಕುವುದು ನಿಂತಿತು. ನಿಜವಾದ ಕಾರಣವು ಚಿತ್ರದ ಚೌಕಟ್ಟಿನಿಂದ ನಾಲ್ಕು ಅಂಗುಲ ಕೆಳಗೆ ಇರಬಹುದಾಗಿತ್ತು. ನಮ್ಮ ಅಭಿಪ್ರಾಯದಲ್ಲಿ ಈ ವಿಷಯದ ತಿರುಳೆಲ್ಲ ಇಷ್ಟರಲ್ಲಿಯೇ ಇದೆ. ರೋಗವು ಅಡಗಿಕೊಳ್ಳುವುದು ತನ್ನ ಜಾಣತನದಿಂದಲ್ಲ. ನಾವು ಬೇಗನೆ ತೃಪ್ತರಾಗುವುದರಿಂದ.

ವಿಷಯವು ಸ್ಪಷ್ಟವಾಗಲೆಂದು ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ದೇವರಾಜ ಮೊಹಲ್ಲಾದ ಹದಿನೇಳು ವರ್ಷದ ವಿದ್ಯಾರ್ಥಿ, ಆಟಪಾಟಗಳಲ್ಲಿ ಮುಂದು. ಬಲಪಿರ್ರೆಯಲ್ಲಿ ನೋವು ಶುರುವಾಗಿ, ಒಂದು ತಿಂಗಳಲ್ಲಿ ಮೀನಖಂಡಕ್ಕೆ ಇಳಿದು, ಅಂಗಾಲಿನಲ್ಲಿ ಜೋಮು ಬಂದಿದೆ. ಮನೆಯಲ್ಲಿ ಹೇಳಿದರೆ, ಕ್ರಿಕೆಟ್ಟಿನಲ್ಲಿ ಬಿದ್ದೆಯಲ್ಲಾ ಅದೇ ಇರಬೇಕು ಎಂದರು. ಎಣ್ಣೆ ತಿಕ್ಕಿದರು, ಎರಡು ದಿನ ಹಗುರವೆನ್ನಿಸಿತು. ಮಾತ್ರೆ ನುಂಗಿದ, ಒಂದು ವಾರ ತಗ್ಗಿತು. ಸೊಂಟದ ಕ್ಷಕಿರಣಚಿತ್ರವನ್ನು ತೆಗೆಸಿದರು. ಬೆನ್ನುಮಣಿಗಳೆಲ್ಲ ಸರಿಯಾಗಿವೆ ಎಂದು ಬರೆದು ಕೊಟ್ಟರು. ಪರೀಕ್ಷೆ ಹತ್ತಿರವಾಯಿತು, ಓದುವ ಹೆದರಿಕೆಯೆಂದು ಕೆಲವರು ನಕ್ಕರು. ಐದನೆಯ ತಿಂಗಳಲ್ಲಿ ರಾತ್ರಿ ನಿದ್ರೆಯಿಂದ ಎದ್ದು ಕುಳಿತುಕೊಳ್ಳುವಂತಾಯಿತು, ಮೈ ಇಳಿಯಿತು, ಸಂಜೆ ಜ್ವರ ಕಾಣಿಸಿಕೊಂಡಿತು. ಶ್ರೋಣಿಯ ಎಂ.ಆರ್.ಐ. ತೆಗೆದಾಗ ತ್ರಿಕಾಸ್ಥಿಯ ಬಲಭಾಗವನ್ನು ತಿಂದು ಮುಂದಕ್ಕೆ ಉಬ್ಬಿ ನರದ ಎಳೆಗಳನ್ನು ಎತ್ತಿ ಹಿಡಿದಿರುವ ಅರ್ಬುದ ಕಂಡಿತು. ಈ ಹುಡುಗನು ಕಲ್ಪಿತನಾದರೂ ಅವನ ಐದು ತಿಂಗಳುಗಳು ಕಲ್ಪಿತವಲ್ಲ. ಶ್ರೋಣಿಯ ಅರ್ಬುದಗಳಲ್ಲಿ ಗುರುತಿಸುವುದಕ್ಕೆ ಮುಂಚೆ ಹೀಗೆ ತಿಂಗಳುಗಳು ಕಳೆಯುವುದು ಎಲ್ಲ ದೇಶಗಳ ವೈದ್ಯರೂ ಬಲ್ಲ ಸಂಗತಿ. ಕೈಯಲ್ಲಿ, ಮೊಣಕಾಲಿನಲ್ಲಿ ಗಂಟು ಎದ್ದರೆ ಕಣ್ಣಿಗೆ ಕಾಣುತ್ತದೆ. ಶ್ರೋಣಿಯು ಆಳವಾದ ಬೋಗುಣಿ; ಕಿತ್ತಳೆಯ ಗಾತ್ರದ ಗೆಡ್ಡೆಗೂ ಅಲ್ಲಿ ಹೊರಗೆ ಕಾಣಿಸದೆ ಕುಳಿತಿರಲು ಸ್ಥಳವುಂಟು.

ಇವರಿಬ್ಬರನ್ನು, ಎಂದರೆ ಡಿಸ್ಕಿನ ರೋಗಿಯನ್ನೂ ಅರ್ಬುದದ ರೋಗಿಯನ್ನೂ, ಯಂತ್ರಗಳಿಲ್ಲದೆ ಬೇರ್ಪಡಿಸುವುದು ಸಾಧ್ಯವೆ? ಪೂರ್ತಿಯಾಗಿ ಇಲ್ಲ, ಸಂದೇಹಪಡುವಷ್ಟು ಮಟ್ಟಿಗೆ ಸಾಧ್ಯ. ಡಿಸ್ಕಿನ ನೋವು ಬಗ್ಗಿದರೆ, ಭಾರ ಎತ್ತಿದರೆ, ಕೆಮ್ಮಿದರೆ, ಸೀನಿದರೆ ಹೆಚ್ಚುತ್ತದೆ. ಮಲಗಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಅದು ಒಂದು ದಿನ ಏರಿ ಒಂದು ದಿನ ಇಳಿದು, ಒಟ್ಟಿನಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ಹೆಚ್ಚಿನವರಲ್ಲಿ ಹಿಂದೆಗೆಯುತ್ತದೆ. ಅರ್ಬುದದ ನೋವಿಗೆ ವಿಶ್ರಾಂತಿಯ ಹಂಗಿಲ್ಲ. ಮಲಗಿದರೂ ಇರುತ್ತದೆ, ರಾತ್ರಿಯಲ್ಲಿ ಹೆಚ್ಚುತ್ತದೆ, ವಾರದಿಂದ ವಾರಕ್ಕೆ ಒಂದೇ ದಿಕ್ಕಿನಲ್ಲಿ ನಡೆಯುತ್ತದೆ. ತ್ರಿಕಾಸ್ಥಿಯದಾದರೆ ಕುಳಿತುಕೊಳ್ಳುವುದೇ ಕಷ್ಟವಾಗುತ್ತದೆ. ರಾತ್ರಿಯ ನೋವೆಲ್ಲವೂ ಕ್ಯಾನ್ಸರೆಂದು ತಿಳಿಯಬಾರದು. ೧೯೩೫ರಲ್ಲಿ ನ್ಯೂಯಾರ್ಕಿನ ಹೆನ್ರಿ ಜಾಫೆ ಎಂಬಾತನು ವರ್ಣಿಸಿದ ಒಂದು ಸಣ್ಣ ನಿರುಪದ್ರವಿ ಗೆಡ್ಡೆಯೂ ರಾತ್ರಿಯ ಹೊತ್ತೇ ಕಾಡುತ್ತದೆ. ಆದರೆ ರಾತ್ರಿಯ ನೋವು ಕಾರಣವನ್ನು ಕೇಳುವ ನೋವು; ಅದನ್ನು ಎಣ್ಣೆಯಿಂದ ಸಮಾಧಾನಪಡಿಸಿ ಕಳುಹಿಸತಕ್ಕದ್ದಲ್ಲ. ವಯಸ್ಸನ್ನೂ ನೋಡಬೇಕು. ಇಪ್ಪತ್ತು ತುಂಬದ ಮಕ್ಕಳಿಗೆ ಡಿಸ್ಕಿನ ರೋಗ ಬರುವುದು ಅಪರೂಪ. ಮುದುಕರ ರೋಗದ ಹೆಸರನ್ನು ಹುಡುಗನಿಗೆ ಹಚ್ಚುವ ಮುನ್ನ ಎರಡು ಸಲ ಯೋಚಿಸಬೇಕು. ಇನ್ನು, ತೊಡೆಯ ಸಂದಿಯಲ್ಲಿ ಎರಡು ಕಡೆಯೂ ಸ್ಪರ್ಶ ತಪ್ಪುವುದು, ಮೂತ್ರ ಕಟ್ಟುವುದು ಇಲ್ಲವೆ ತಿಳಿಯದೆ ಹೋಗುವುದು, ಎರಡು ಕಾಲುಗಳೂ ಸೋಲುವುದು, ಇವು ಕಂಡರೆ ನಾಳೆಯೆನ್ನದೆ ಆ ಗಂಟೆಯಲ್ಲಿಯೇ ಆಸ್ಪತ್ರೆಗೆ ಹೋಗಬೇಕು. ಕಾರಣವು ಡಿಸ್ಕೇ ಆಗಿದ್ದರೂ ಸರಿಯೆ.

ಬಿದ್ದ ನೆಪವನ್ನು ಕುರಿತು ಒಂದು ಮಾತು. ಬೆಳೆಯುವ ಮಕ್ಕಳು ಬೀಳದ ವಾರವಿಲ್ಲ. ಆದುದರಿಂದ ಯಾವ ನೋವಿಗಾದರೂ ಒಂದು ಪೆಟ್ಟನ್ನು ಹೊಂದಿಸುವುದು ಕಷ್ಟವಲ್ಲ. ಕೆನಡಾ ದೇಶದ ಟೆರಿ ಫಾಕ್ಸ್ ಎಂಬ ಯುವಕನ ಕಾರು ೧೯೭೬ರ ನವೆಂಬರಿನಲ್ಲಿ ಅಪಘಾತಕ್ಕೆ ಸಿಕ್ಕಿತು, ಬಲಮೊಣಕಾಲಿಗೆ ನೋವಾಯಿತು. ಆಮೇಲೆ ಉಳಿದ ನೋವನ್ನು ಆತನು ಲೆಕ್ಕಿಸದೆ ಬ್ಯಾಸ್ಕೆಟ್‌ಬಾಲ್ ಪಂದ್ಯಗಳ ಕಾಲ ಮುಗಿಯುವ ವರೆಗೂ ಆಡಿದನು. ೧೯೭೭ರ ಮಾರ್ಚಿಯಲ್ಲಿ ಎಲುಬಿನ ಕ್ಯಾನ್ಸರೆಂದು ತಿಳಿದು ಕಾಲನ್ನು ಮೊಣಕಾಲಿನ ಮೇಲಕ್ಕೆ ತೆಗೆಯಬೇಕಾಯಿತು. ೧೯೮೦ರಲ್ಲಿ ಆತನು ಕೃತಕ ಕಾಲಿನಲ್ಲಿ ೧೪೩ ದಿನ ಓಡಿ, ೫,೩೭೩ ಕಿಲೊಮೀಟರುಗಳನ್ನು ಕ್ರಮಿಸಿ, ಕ್ಯಾನ್ಸರು ಸಂಶೋಧನೆಗೆ ಹಣ ಕೂಡಿಸಿದ ಕಥೆ ಲೋಕಕ್ಕೆಲ್ಲ ಗೊತ್ತು. ಮುಂದಿನ ವರ್ಷ ತೀರಿಕೊಂಡನು. ಪೆಟ್ಟು ಕ್ಯಾನ್ಸರನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪೆಟ್ಟು ಮಾಡುವ ಕೆಲಸವೇನೆಂದರೆ, ಇದ್ದ ರೋಗಕ್ಕೆ ಒಂದು ನಿರಪರಾಧಿಯಾದ ವಿವರಣೆಯನ್ನು ಒದಗಿಸುವುದು.

ಸೊಂಟವನ್ನು ಬಿಟ್ಟು ಮೊಣಕಾಲಿಗೆ ಬರೋಣ. ಹೊರಮಗ್ಗುಲ ಸಣ್ಣ ಎಲುಬಿನ ಕತ್ತನ್ನು ಬಳಸಿ ಹೋಗುವ ನರವು ಚರ್ಮದ ಕೆಳಗೇ ಇರುವುದರಿಂದ ಬಹು ಬೇಗನೆ ಅದುಮಿಕೊಳ್ಳುತ್ತದೆ. ಅದು ಕೆಟ್ಟರೆ ಪಾದವನ್ನು ಮೇಲಕ್ಕೆ ಎತ್ತಲಾಗುವುದಿಲ್ಲ, ನಡೆಯುವಾಗ ಚಪ್ಪಲಿಯ ತುದಿ ನೆಲಕ್ಕೆ ಉಜ್ಜುತ್ತದೆ, ಮೆಟ್ಟಿಲಿನಲ್ಲಿ ಎಡವುತ್ತಾನೆ. ಹೆಚ್ಚು ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತು ಕೆಲಸ ಮಾಡುವವರಲ್ಲಿ ಇದು ಬರುವುದುಂಟು. ನಮ್ಮ ದೇಶದಲ್ಲಿ ಕುಷ್ಠರೋಗವೂ ಇದೇ ನರವನ್ನು ಹಿಡಿಯುತ್ತದೆಯಾದ್ದರಿಂದ ವೈದ್ಯರು ಚರ್ಮದ ಮಚ್ಚೆಗಳನ್ನು ಹುಡುಕುವುದು ಯುಕ್ತವೇ. ಆದರೆ ಆ ಎಲುಬಿನ ತಲೆಯಲ್ಲಿ ಹುಟ್ಟಿದ ಅರ್ಬುದವೂ ಮೊದಲು ಹೀಗೆಯೇ, ಪಾದ ಜೋಲುಬಿದ್ದಾಗಲೇ, ತಿಳಿದುಬರಬಹುದು. ಇಲ್ಲಿ ಪರೀಕ್ಷೆ ಬಹು ಅಗ್ಗ: ಎರಡು ಮೊಣಕಾಲುಗಳ ಹೊರಮಗ್ಗುಲನ್ನೂ ಕೈಯಿಂದ ಮುಟ್ಟಿ ಹೋಲಿಸಿ ನೋಡುವುದು. ಒಂದು ಕಡೆಯ ಗಂಟು ಇನ್ನೊಂದಕ್ಕಿಂತ ದಪ್ಪಗಿದ್ದರೆ ಒಂದು ಕ್ಷಕಿರಣಚಿತ್ರ ಉಳಿದುದನ್ನು ಹೇಳುತ್ತದೆ. ತ್ರಿಕಾಸ್ಥಿಯ ಗೆಡ್ಡೆಯನ್ನೂ ವೈದ್ಯನು ಗುದದ್ವಾರದಲ್ಲಿ ಬೆರಳಿಟ್ಟು ಎಷ್ಟೋ ಸಲ ಮುಟ್ಟಿ ತಿಳಿಯಬಲ್ಲನು. ಸಂಕೋಚದ ದೆಸೆಯಿಂದ ರೋಗಿಯು ಒಪ್ಪುವುದಿಲ್ಲ, ವೈದ್ಯನು ಕೇಳುವುದಿಲ್ಲ; ಸಾವಿರಾರು ರೂಪಾಯಿಗಳ ಯಂತ್ರವು ತಪ್ಪಿಸಿಕೊಂಡುದನ್ನು ಹೇಳಬಲ್ಲ ಬೆರಳು ಸುಮ್ಮನಿರುತ್ತದೆ.

ಯಾವ ವಯಸ್ಸಿಗೆ ಯಾವ ರೋಗ ಎಂಬುದನ್ನು ಚುಟುಕಾಗಿ ಹೇಳುವುದಾದರೆ, ಹದಿಹರೆಯದಲ್ಲಿ ಆಸ್ಟಿಯೊಸಾರ್ಕೋಮ, ಅದು ಬಹುಮಟ್ಟಿಗೆ ಮೊಣಕಾಲಿನ ಸುತ್ತ. ಅದೇ ವಯಸ್ಸಿನಲ್ಲಿ, ಶ್ರೋಣಿ ಮತ್ತು ತೊಡೆಯೆಲುಬುಗಳಲ್ಲಿ, ಕೆಲವು ಸಲ ಬೆನ್ನುಮಣಿಗಳಲ್ಲಿ, ೧೯೨೧ರಲ್ಲಿ ಜೇಮ್ಸ್ ಯೂಯಿಂಗ್ ವರ್ಣಿಸಿದ ಯೂಯಿಂಗ್ ಸಾರ್ಕೋಮ. ಜ್ವರವೂ ರಕ್ತಹೀನತೆಯೂ ಕಂಡು ಎಲುಬಿನ ಕೀವುರೋಗವೆಂಬ ಭ್ರಾಂತಿಯನ್ನು ಹುಟ್ಟಿಸುವುದು ಈ ಎರಡನೆಯದೇ. ನಲವತ್ತು ದಾಟಿದವರಲ್ಲಿ ಮೃದ್ವಸ್ಥಿಯಂತೆ ಬೆಳೆಯುವ ಕಾಂಡ್ರೊಸಾರ್ಕೋಮ; ಇನ್ನೂ ಹಿರಿಯರಲ್ಲಿ ತ್ರಿಕಾಸ್ಥಿಯಲ್ಲಿ ವರ್ಷಗಟ್ಟಲೆ ನಿಧಾನವಾಗಿ ಹಿಗ್ಗುವ ಕಾರ್ಡೋಮ. ವೃದ್ಧರಲ್ಲಿ ಮೈಯೆಲೋಮ ಎಂಬ ಮಜ್ಜೆಯ ರೋಗ ಬೆನ್ನುಮಣಿಯನ್ನು ಕುಸಿಯುವಂತೆ ಮಾಡಿ ನರವನ್ನು ಅದುಮುತ್ತದೆ. ೧೮೪೫ರಲ್ಲಿ ಲಂಡನ್ನಿನ ಹೆನ್ರಿ ಬೆನ್ಸ್ ಜೋನ್ಸನಿಗೆ ಇಂಥ ಒಬ್ಬ ರೋಗಿಯ ಮೂತ್ರವನ್ನು ಪರೀಕ್ಷೆಗೆ ಕಳುಹಿಸಿದ್ದರು. ಅದರಲ್ಲಿದ್ದ ವಿಚಿತ್ರವಾದ ಸಸಾರಜನಕವು ಈಗಲೂ ಆತನ ಹೆಸರನ್ನೇ ಹೊತ್ತಿದೆ. ಇದಲ್ಲದೆ ಸ್ತನ, ಶ್ವಾಸಕೋಶ, ಪ್ರಾಸ್ಟೇಟ್ ಮೊದಲಾದ ಕಡೆ ಹುಟ್ಟಿ ಎಲುಬಿಗೆ ಹರಡಿದ ಕ್ಯಾನ್ಸರು ವಯಸ್ಕರಲ್ಲಿ ಎಲುಬಿನ ಸ್ವಂತ ಕ್ಯಾನ್ಸರಿಗಿಂತ ಹೆಚ್ಚು. ಹಿಂದೆ ಎಂದಾದರೂ ಕ್ಯಾನ್ಸರಿಗೆ ಚಿಕಿತ್ಸೆಯಾಗಿದ್ದವರು ಹೊಸ ಕಾಲುಸೆಳೆತಕ್ಕೆ ವೈದ್ಯರ ಬಳಿಗೆ ಹೋದಾಗ ಆ ಹಳೆಯ ಸಂಗತಿಯನ್ನು ಮೊದಲ ಮಾತಾಗಿಯೇ ಹೇಳಬೇಕು.

ನಮ್ಮಲ್ಲಿ ಇನ್ನೊಂದು ಗೊಂದಲವುಂಟು; ಅದು ಕ್ಷಯ. ಮೈಸೂರಿನವರಿಗೆ ಕ್ಷಯವು ಅಪರಿಚಿತವಲ್ಲ. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ೧೯೨೧ರಲ್ಲಿಯೇ ಇಲ್ಲಿ ಸ್ಥಾಪಿತವಾಯಿತು. ಬೆನ್ನುಮಣಿಯ ಕ್ಷಯದಲ್ಲಿಯೂ ನೋವು, ಸಂಜೆಯ ಜ್ವರ, ಮೈಯಿಳಿತ, ಕಾಲಿನ ನಿಶ್ಶಕ್ತಿ ಎಲ್ಲವೂ ಉಂಟು. ಎಲುಬು ತಿಂದುಹೋದುದನ್ನು ಕಂಡು ಕ್ಷಯವೆಂದು ಊಹಿಸುವುದು ನಮ್ಮ ದೇಶದಲ್ಲಿ ಅನೇಕ ವೇಳೆ ಸರಿಯಾದ ಊಹೆಯೇ. ಒಂದು ಸುಳಿವು ಸಹಾಯಕ್ಕೆ ಬರುತ್ತದೆ: ಕ್ಷಯವು ಸಾಮಾನ್ಯವಾಗಿ ನಡುವಿನ ಡಿಸ್ಕನ್ನೂ ಅದರ ಎರಡು ಮಗ್ಗುಲಿನ ಮಣಿಗಳನ್ನೂ ಕೂಡಿಯೇ ಹಾಳುಮಾಡುತ್ತದೆ, ಅರ್ಬುದವು ಮಣಿಯನ್ನು ತಿಂದು ಡಿಸ್ಕನ್ನು ಬಿಡುವುದೇ ಹೆಚ್ಚು. ಆದರೆ ಸುಳಿವು ಸುಳಿವೇ, ಅಪವಾದಗಳಿವೆ. ಅಂಗಾಂಶವನ್ನು ಪರೀಕ್ಷಿಸದೆ, ಕ್ಷಯದ ಮಾತ್ರೆ ಕೊಟ್ಟು ಗುಣ ಬರುತ್ತದೆಯೋ ಎಂದು ಆರು ತಿಂಗಳು ಕಾದು ನೋಡುವ ಪದ್ಧತಿಯಿದೆಯಲ್ಲಾ, ಅದನ್ನು ನಾವು ಒಪ್ಪಲಾರೆವು. ಕ್ಷಯವೇ ಆಗಿದ್ದರೂ ಯಾವ ಔಷಧಕ್ಕೆ ಬಗ್ಗುವ ಕ್ಷಯವೆಂದು ತಿಳಿಯಲು ಆ ಅಂಗಾಂಶವೇ ಬೇಕು.

ಪರೀಕ್ಷೆಗಳ ಕ್ರಮಕ್ಕೆ ಬರೋಣ. ಮೊದಲನೆಯದು ಕ್ಷಕಿರಣಚಿತ್ರ. ರಂಟ್‌ಗೆನ್ನನು ೧೮೯೫ರಲ್ಲಿ ಕಂಡುಹಿಡಿದ ಈ ಕಿರಣಗಳು ಇಂದಿಗೂ ಎಲುಬಿನ ರೋಗದಲ್ಲಿ ಮೊದಲ ಸಾಕ್ಷಿ. ಮೊಣಕಾಲು, ತೋಳುಗಳಲ್ಲಿ ನುರಿತ ಕಣ್ಣಿಗೆ ಇದೊಂದೇ ಬಹುಪಾಲು ಹೇಳಿಬಿಡುತ್ತದೆ. ಆದರೆ ಇದಕ್ಕೆ ಎರಡು ಮಿತಿಗಳುಂಟು. ಎಲುಬಿನೊಳಗಿನ ಸುಣ್ಣದ ಅಂಶದಲ್ಲಿ ನೂರಕ್ಕೆ ಮೂವತ್ತರಿಂದ ಐವತ್ತು ಭಾಗ ಕರಗಿಹೋಗುವ ತನಕ ಚಿತ್ರದಲ್ಲಿ ತೂತು ಕಾಣುವುದಿಲ್ಲ. ಮತ್ತು ತ್ರಿಕಾಸ್ಥಿಯ ಮುಂದೆ ಕರುಳಿನ ವಾಯುವಿನ ನೆರಳು ಬಿದ್ದು ಇದ್ದ ತೂತೂ ಮರೆಯಾಗುತ್ತದೆ. ಆದುದರಿಂದ ‘ಕ್ಷಕಿರಣದಲ್ಲಿ ಏನೂ ಇಲ್ಲ’ ಎಂಬ ವಾಕ್ಯವನ್ನು ‘ಕ್ಷಕಿರಣಕ್ಕೆ ಏನೂ ಕಾಣಲಿಲ್ಲ’ ಎಂದೇ ಓದತಕ್ಕದ್ದು. ನೋವು ಮುಂದುವರಿದರೆ ಎಂ.ಆರ್.ಐ. ಬೇಕು. ಅದರಲ್ಲಿ ಎಲುಬಿನ ಮಜ್ಜೆ, ಸ್ನಾಯು, ನರ ಮೂರೂ ಕಾಣುತ್ತವೆ; ಗೆಡ್ಡೆಯ ಎಲ್ಲೆ ಎಲ್ಲಿಯ ವರೆಗೆ ಎಂದು ತಿಳಿಯುತ್ತದೆ. ಆದರೆ ಯಂತ್ರವು ತೋರಿಸುವುದು ನಾವು ಕೇಳಿದ ಜಾಗವನ್ನು ಮಾತ್ರ. ಸೊಂಟದ ಬೆನ್ನುಮೂಳೆಯ ಚಿತ್ರವನ್ನು ಕೇಳಿದರೆ ಶ್ರೋಣಿಯ ಎಲುಬುಗಳು ಚೌಕಟ್ಟಿನ ಹೊರಗೆ ಉಳಿಯುತ್ತವೆ. ಅಲ್ಲಿ ಕಾರಣ ಸಿಕ್ಕದಿದ್ದರೆ, ಅಥವಾ ಸಿಕ್ಕ ಉಬ್ಬು ರೋಗಿಯ ಲಕ್ಷಣಕ್ಕೆ ಹೊಂದದಿದ್ದರೆ, ನರದ ಹಾದಿಯನ್ನು ಮುಂದಕ್ಕೆ ಹಿಡಿದು ಶ್ರೋಣಿ, ತೊಡೆ, ಮೊಣಕಾಲುಗಳನ್ನು ನೋಡಬೇಕು. ಬಲಗಾಲು ಎಳೆಯುವವನಲ್ಲಿ ಎಡಕ್ಕೆ ಚಾಚಿದ ಡಿಸ್ಕು ಕಂಡರೆ ಅದು ಉತ್ತರವಲ್ಲ ಎಂಬುದನ್ನು ಹೇಳಲು ವೈದ್ಯಶಾಸ್ತ್ರವೂ ಬೇಕಿಲ್ಲ. ರಕ್ತಪರೀಕ್ಷೆಗಳು ಸಂದೇಹವನ್ನು ಬಲಪಡಿಸುತ್ತವೆಯೇ ಹೊರತು ನಿರ್ಣಯವನ್ನು ಕೊಡಲಾರವು. ಮೈಯೆಲೋಮದಲ್ಲಿ ಮಾತ್ರ ರಕ್ತ ಮತ್ತು ಮೂತ್ರಗಳ ಸಾಕ್ಷ್ಯ ದೊಡ್ಡದು.

ನಿರ್ಣಯವನ್ನು ಕೊಡುವುದು ಬಯಾಪ್ಸಿ. ಗೆಡ್ಡೆಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇದನ್ನು ಚುಚ್ಚಿದರೆ ಕ್ಯಾನ್ಸರು ಹರಡುತ್ತದೆ ಎಂಬ ಭಯ ಜನರಲ್ಲಿ ಬಲವಾಗಿದೆ. ಕ್ರಮವರಿತು ಮಾಡಿದ ಬಯಾಪ್ಸಿಗೆ ಹೆದರಬೇಕಾದುದಿಲ್ಲ. ಹೆದರಬೇಕಾದುದು ಕ್ರಮವಿಲ್ಲದ ಬಯಾಪ್ಸಿಗೆ. ಸೂಜಿಯೋ ಚಾಕುವೋ ಹೋದ ದಾರಿಯಲ್ಲಿ ಅರ್ಬುದದ ಕಣಗಳು ಉಳಿಯಬಹುದಾದುದರಿಂದ ಮುಂದಿನ ಶಸ್ತ್ರಚಿಕಿತ್ಸೆಯಲ್ಲಿ ಆ ದಾರಿಯನ್ನೂ ಕೊಯ್ದು ತೆಗೆಯಬೇಕು. ಎಂದ ಮೇಲೆ ದಾರಿಯನ್ನು ಆರಿಸತಕ್ಕವನು ಕೊನೆಯಲ್ಲಿ ಶಸ್ತ್ರಚಿಕಿತ್ಸೆಯನ್ನು ಮಾಡುವವನೇ. ಅಮೆರಿಕದ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು ೧೯೮೨ರಲ್ಲಿ ೩೨೯ ರೋಗಿಗಳ ವೃತ್ತಾಂತವನ್ನು ಕೂಡಿಸಿ ನೋಡಿದರು. ಬಯಾಪ್ಸಿಯ ದೋಷದಿಂದಾಗಿಯೇ, ಬೇರೆ ಅವಶ್ಯವಿಲ್ಲದೆ, ಕೈಯನ್ನೋ ಕಾಲನ್ನೋ ಕಳೆದುಕೊಂಡವರು ಅವರಲ್ಲಿ ನೂರಕ್ಕೆ ನಾಲ್ಕೂವರೆಯಷ್ಟು ಮಂದಿ ಇದ್ದರು. ಚಿಕಿತ್ಸೆಯನ್ನು ಕೊಡುವ ದೊಡ್ಡ ಕೇಂದ್ರದ ಹೊರಗೆ ಬಯಾಪ್ಸಿಯಾದವರಲ್ಲಿ ತೊಂದರೆಗಳು ಅನೇಕ ಮಡಿ ಹೆಚ್ಚಾಗಿದ್ದುವು. ಗೆಡ್ಡೆಯೆಂದು ತಿಳಿದ ದಿನವೇ ಹತ್ತಿರದ ಕಡೆ ಕೊಯ್ಯಿಸಿಬಿಡೋಣವೆಂಬ ಆತುರವು ಪ್ರೀತಿಯಿಂದ ಬಂದರೂ ಮಗುವಿನ ಕಾಲನ್ನೇ ಬೆಲೆಯಾಗಿ ಕೇಳಬಹುದು. ಸಂದೇಹ ಬಂದ ಮೇಲೆ, ಎಂ.ಆರ್.ಐ. ಆದ ಮೇಲೆ, ಬಯಾಪ್ಸಿಗೆ ಮುಂಚೆ, ರೋಗಿಯು ಅರ್ಬುದಗಳಿ‌ಗೆಂದೇ ಏರ್ಪಟ್ಟ ಕೇಂದ್ರವನ್ನು ಸೇರಬೇಕು. ನಮ್ಮ ಸೀಮೆಯವರಿಗೆ ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ. ಮೈಸೂರಿನಲ್ಲಿಯೂ ಕ್ಯಾನ್ಸರು ಚಿಕಿತ್ಸೆ ದೊರೆಯುತ್ತದೆ. ಬಯಾಪ್ಸಿಯು ಬೇರೆಲ್ಲಿಯೋ ಆಗಿಹೋಗಿದ್ದ ಪಕ್ಷದಲ್ಲಿ ವರದಿಯ ಕಾಗದವೊಂದನ್ನೇ ಹಿಡಿದುಕೊಂಡು ಹೋಗಬಾರದು. ಅಂಗಾಂಶವನ್ನು ಇಟ್ಟಿರುವ ಮೇಣದ ಅಚ್ಚುಗಳನ್ನೂ ಗಾಜಿನ ತಗಡುಗಳನ್ನೂ ಕೇಳಿ ಪಡೆದು ಕೊಂಡೊಯ್ಯಬೇಕು. ಯೂಯಿಂಗ್ ಸಾರ್ಕೋಮವನ್ನು ಅದರಂತೆಯೇ ಕಾಣುವ ಬೇರೆ ಗೆಡ್ಡೆಗಳಿಂದ ಪ್ರತ್ಯೇಕಿಸಲು ಕಣಗಳೊಳಗಿನ ೧೧ ಮತ್ತು ೨೨ನೆಯ ವರ್ಣತಂತುಗಳು ತುಂಡು ಬದಲಿಸಿಕೊಂಡಿವೆಯೇ ಎಂದು ನೋಡುತ್ತಾರೆ. ಅದಕ್ಕೆ ಆ ಮೇಣದ ಅಚ್ಚೇ ಆಧಾರ.

ಇಷ್ಟೆಲ್ಲ ಶ್ರಮಪಟ್ಟು ಬೇಗನೆ ಗುರುತಿಸುವುದರಿಂದ ಆಗುವ ಪ್ರಯೋಜನವೇನೆಂದು ಕೇಳಬಹುದು. ೧೯೭೦ರ ದಶಕಕ್ಕೆ ಮುಂಚೆ ಆಸ್ಟಿಯೊಸಾರ್ಕೋಮಕ್ಕೆ ಕಾಲನ್ನು ತೆಗೆಯುವುದೊಂದೇ ಚಿಕಿತ್ಸೆ. ತೆಗೆದರೂ ಐವರಲ್ಲಿ ಒಬ್ಬನು ಉಳಿಯುವುದೇ ಕಷ್ಟವಾಗಿತ್ತು. ಕೀಮೋಥೆರಪಿಯೆಂಬ ಔಷಧಚಿಕಿತ್ಸೆ ಸೇರಿದ ಮೇಲೆ, ರೋಗವು ಹುಟ್ಟಿದ ಎಲುಬಿನಲ್ಲಿಯೇ ಇರುವಾಗ ಗುರುತಿಸಲ್ಪಟ್ಟವರಲ್ಲಿ ಹತ್ತಕ್ಕೆ ಆರೇಳು ಮಂದಿ ಐದು ವರ್ಷಗಳನ್ನು ದಾಟುತ್ತಾರೆ; ಹೆಚ್ಚಿನವರಲ್ಲಿ ಕಾಲೂ ಉಳಿಯುತ್ತದೆ. ಶ್ವಾಸಕೋಶಕ್ಕೆ ಹರಡಿದ ಮೇಲೆ ಬಂದವರಲ್ಲಿ ಈ ಸಂಖ್ಯೆ ಹತ್ತಕ್ಕೆ ಎರಡು ಮೂರಕ್ಕೆ ಇಳಿಯುತ್ತದೆ. ಮೇಲೆ ಕಲ್ಪಿಸಿಕೊಂಡ ಹುಡುಗನ ಐದು ತಿಂಗಳುಗಳ ಬೆಲೆ ಈ ಎರಡು ಸಂಖ್ಯೆಗಳ ನಡುವೆ ಎಲ್ಲಿಯೋ ಇದೆ.

ಗೆಡ್ಡೆ ತೊಲಗಿದ ಮೇಲೆ ಜೋಮಿನ ಗತಿಯೇನು? ನರವು ಬರಿಯ ಒತ್ತಡಕ್ಕೆ ಸಿಕ್ಕಿ ಮರಗಟ್ಟಿದ್ದರೆ ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ. ಅದರೊಳಗಿನ ತಂತುಗಳೇ ಮುರಿದಿದ್ದರೆ ಅವು ಮುರಿದೆಡೆಯಿಂದ ಮತ್ತೆ ಬೆಳೆಯಬೇಕು. ಆ ಬೆಳವಣಿಗೆ ದಿನಕ್ಕೆ ಸುಮಾರು ಒಂದು ಮಿಲಿಮೀಟರು. ಮೊಣಕಾಲಿನ ಪಕ್ಕದಿಂದ ಪಾದದ ಮೇಲ್ಭಾಗಕ್ಕೆ ಮುನ್ನೂರು ಮಿಲಿಮೀಟರಿಗೂ ಹೆಚ್ಚು ದೂರವಿರುವುದರಿಂದ, ಹೆಬ್ಬೆರಳಿನ ಬಳಿ ಚಪ್ಪಲಿಯ ಉಂಗುಟ ತಗುಲುವುದು ಮತ್ತೆ ಗೊತ್ತಾಗುವ ಹೊತ್ತಿಗೆ ವರ್ಷವೇ ಹಿಡಿಯಬಹುದು. ಅಲ್ಲಿಯ ತನಕ ಪಾದವು ಜೋಲುಬೀಳದಂತೆ ಹಗುರವಾದ ಪಟ್ಟಿಯೊಂದನ್ನು ಕಣಕಾಲಿಗೆ ಕಟ್ಟಿಕೊಡುತ್ತಾರೆ.